ಅಂಗಡಿ ಮನೆಯ ಮಕ್ಕಳಿಗೆ ವ್ಯಾಪಾರ ಕಾನೂನು: ಎಂ.ಬಿ.ಎಲ್. ಬೇರೆ, ಎಲ್.ಎಲ್.ಎಂ. ಬೇರೆ

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಗಳಲ್ಲೂ ಹರಿಹರದಲ್ಲೂ ಅಂಗಡಿ ನಡೆಸುವ ನಮ್ಮ ಸಮಾಜದ ಮನೆಗಳಲ್ಲಿ ಮಗನೋ ಮಗಳೋ ಬಿ.ಕಾಂ. ಮುಗಿಸಿದ ಕೂಡಲೇ ಒಂದೇ ಚರ್ಚೆ: ಸಿ.ಎ. ಮಾಡುವುದೋ, ಎಂ.ಬಿ.ಎ. ಮಾಡುವುದೋ, ಗಲ್ಲಾದಲ್ಲಿ ಕೂರುವುದೋ? ಈಗ ಇದಕ್ಕೆ ವ್ಯಾಪಾರ ಕಾನೂನಿನ ಸ್ನಾತಕೋತ್ತರ ಪದವಿಯೂ ಸೇರಿಕೊಂಡಿದೆ. ವಿಚಾರ ಒಳ್ಳೆಯದೇ. ಆದರೆ ಪದವಿಯ ಹೆಸರಿನಲ್ಲಿರುವ ಗೊಂದಲದಿಂದ ಹಣವೂ ಎರಡು ವರ್ಷವೂ ಹೋಗುವ ಅಪಾಯವಿದೆ.

2025ರ ಮಧ್ಯಭಾಗದಲ್ಲಿ ಭಾರತೀಯ ವಕೀಲರ ಪರಿಷತ್ತು ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ತನ್ನ ಅನುಮತಿ ಇಲ್ಲದೆ ಆನ್‌ಲೈನ್, ದೂರಶಿಕ್ಷಣ ಅಥವಾ ವಾರಾಂತ್ಯದ ತರಗತಿಗಳಲ್ಲಿ ಕೊಡುವ ಎಲ್.ಎಲ್.ಎಂ.ಗೆ ಮಾನ್ಯತೆ ಇಲ್ಲ, ಎಲ್.ಎಲ್.ಬಿ. ಓದದವರಿಗೆ ಆ ಹೆಸರಿನ ಪದವಿ ಕೊಡುವಂತಿಲ್ಲ ಎಂಬುದು ಅದರ ಸಾರ. ಹಿಂದೆ 'ಎಕ್ಸಿಕ್ಯೂಟಿವ್', 'ಪ್ರೊಫೆಷನಲ್' ಎಂಬ ಪದ ಸೇರಿಸಿದರೂ ಅಷ್ಟೇ. ಜಾಹೀರಾತು ನೋಡಿ ಶುಲ್ಕ ಕಟ್ಟಲು ಹೊರಟವರು ಇದನ್ನು ಮೊದಲು ತಿಳಿಯಬೇಕು.

ಎಂ.ಬಿ.ಎಲ್. ಇದರಿಂದ ಬೇರೆ. ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ಇದನ್ನು ಬಹಳ ವರ್ಷಗಳಿಂದ ನಡೆಸುತ್ತಿದೆ. ಎರಡು ವರ್ಷದ ಓದು. ಯಾವುದೇ ಪದವಿ ಇದ್ದವರು ಅರ್ಜಿ ಹಾಕಬಹುದು, ಎಲ್.ಎಲ್.ಬಿ. ಬೇಕಿಲ್ಲ. ದಿನವೂ ತರಗತಿಗೆ ಹೋಗಬೇಕಾಗಿಲ್ಲದ ಕಾರಣ ಅಂಗಡಿ ನೋಡಿಕೊಂಡೇ ಓದಬಹುದು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಓದು ಹಗುರವಲ್ಲ. ಆದರೆ ಇದನ್ನು ಮುಗಿಸಿದವರು ವಕೀಲರಾಗುವುದಿಲ್ಲ. 1961ರ ವಕೀಲರ ಕಾಯ್ದೆಯಂತೆ ಸನ್ನದಿಗೆ ಎಲ್.ಎಲ್.ಬಿ.ಯೇ ಬೇಕು. ಕೋಟು ಹಾಕಿ ಕೋರ್ಟಿಗೆ ಹೋಗಬೇಕು ಎನ್ನುವವರಿಗೆ ದಾವಣಗೆರೆಯಲ್ಲೇ ಆರ್.ಎಲ್. ಕಾನೂನು ಕಾಲೇಜು ಇದೆ. ಪದವಿಯ ನಂತರ ಮೂರು ವರ್ಷ ಎಲ್.ಎಲ್.ಬಿ., ಆಮೇಲೆ ಬೇಕಿದ್ದರೆ ಎಲ್.ಎಲ್.ಎಂ.

ಕೋರ್ಟಿಗೆ ಹೋಗದ ವ್ಯಾಪಾರಿಗೆ ಕಾನೂನು ಏಕೆ ಎಂದು ಹಿರಿಯರು ಕೇಳುತ್ತಾರೆ. 2024ರ ಮಾರ್ಚ್ ತಿಂಗಳನ್ನು ನೆನಪಿಸಿಕೊಂಡರೆ ಸಾಕು. ಸಣ್ಣ ಉತ್ಪಾದಕರಿಂದ ಕೊಂಡ ಮಾಲಿನ ಹಣವನ್ನು ಕರಾರು ಇಲ್ಲದಿದ್ದರೆ 15 ದಿನ, ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಗಡುವು ಮೀರಿ ಬಾಕಿ ಉಳಿದ ಮೊತ್ತವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂಬ 43ಬಿ(ಎಚ್) ನಿಯಮ ಆ ಲೆಕ್ಕದ ವರ್ಷದಿಂದ ಬಂತು. ಮೂರು ತಿಂಗಳ ಉದ್ದರಿಯಲ್ಲೇ ನಡೆದು ಬಂದ ಬಟ್ಟೆ ವ್ಯಾಪಾರಕ್ಕೆ ಇದು ದೊಡ್ಡ ಪೆಟ್ಟು. ಇನ್ನೊಂದು ಸೂಕ್ಷ್ಮವಿದೆ. ಉದ್ಯಮ್ ನೋಂದಣಿ ಇದ್ದರೂ ಬರೀ ಕೊಂಡು ಮಾರುವ ವ್ಯಾಪಾರಿಗೆ ತನ್ನ ಬಾಕಿ ವಸೂಲಿಗೆ ಈ ರಕ್ಷಣೆ ಸಿಗುವುದಿಲ್ಲ. ಅವನಿಗೆ ನೋಂದಣಿಯ ಪ್ರಯೋಜನ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಕೊಡುವಾಗ ಗಡುವು, ಬರುವಾಗ ಇಲ್ಲ! ಇದು ಗೊತ್ತಿಲ್ಲದೆ ಸರ್ಟಿಫಿಕೇಟನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದವರು ಎಷ್ಟೋ ಜನ.

ಚೆಕ್ ಬೌನ್ಸ್ ಕೂಡ ಹಾಗೆಯೇ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್, ಅದು ತಲುಪಿದ ಮೇಲೆ ಹಣ ಕಟ್ಟಲು 15 ದಿನ, ನಂತರ ಒಂದು ತಿಂಗಳೊಳಗೆ ದೂರು. "ನಾಳೆ ಕೊಡ್ತೀನಿ ಅಣ್ಣಾ" ಎಂಬ ಮಾತು ನಂಬಿ ದಿನ ಕಳೆದರೆ ಕೇಸು ಕೈತಪ್ಪುತ್ತದೆ.

ಹರಿಹರದವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. 1941ರಲ್ಲಿ ಶುರುವಾಗಿ ಲೇಥ್ ಯಂತ್ರಗಳಿಗೆ ದೇಶದಲ್ಲೇ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಮುಚ್ಚಿದ್ದನ್ನು ಊರು ಮರೆತಿಲ್ಲ. ದೊಡ್ಡ ಕಂಪನಿ ಮುಳುಗಿದರೆ ಉದ್ದರಿ ಕೊಟ್ಟವನ ಪಾಡೇನು? 2016ರ ದಿವಾಳಿ ಸಂಹಿತೆಯಂತೆ ಆಸ್ತಿ ಮಾರಿದ ಹಣದಲ್ಲಿ ಮೊದಲು ಪ್ರಕ್ರಿಯೆಯ ವೆಚ್ಚ, ನಂತರ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಪಡೆದ ಬ್ಯಾಂಕುಗಳು. ಮಾಲು ಕೊಟ್ಟವನ ಸರದಿ ಸರ್ಕಾರದ ಬಾಕಿಗಿಂತಲೂ ಹಿಂದೆ. 2020ರಿಂದ ಬಾಕಿ ಒಂದು ಕೋಟಿ ರೂಪಾಯಿಗಿಂತ ಕಡಿಮೆಯಿದ್ದರೆ ಈ ಸಂಹಿತೆಯಡಿ ಅರ್ಜಿಯನ್ನೇ ಹಾಕುವಂತಿಲ್ಲ. ಬಿಲ್ಲು ಹರಿಯುವ ಮುಂಚೆಯೇ ಇದನ್ನು ಹೇಳುವವರು ಮನೆಯಲ್ಲಿ ಒಬ್ಬರಿರಬೇಕು.

ಆ ಒಬ್ಬರು ಮಗನೇ ಆಗಬೇಕೆಂದೇನಿಲ್ಲ. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ತೆಗೆದು ಮದುವೆಯಾದ ಮೇಲೆ ಪುಸ್ತಕ ಮುಚ್ಚಿಟ್ಟ ಸೊಸೆಯಂದಿರು ಎರಡೂ ಊರುಗಳಲ್ಲಿ ಇದ್ದಾರೆ. ಮನೆಯಿಂದಲೇ ಓದಬಹುದಾದ ಎಂ.ಬಿ.ಎಲ್. ಅವರಿಗೆ ಹೇಳಿ ಮಾಡಿಸಿದಂತಿದೆ. ಓದಿದ ಮೇಲೆ ಅಂಗಡಿಯ ಕರಾರುಪತ್ರಗಳನ್ನು ಅವರ ಕೈಗೆ ಕೊಡುವ ಮನಸ್ಸು ಮಾವಂದಿರಿಗೆ ಬರಬೇಕು, ಅಷ್ಟೇ.

ಶುಲ್ಕದ ವಿಷಯ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತಿದ್ದರೂ ವಿದ್ಯಾರ್ಥಿವೇತನ, ಸಾಲ ಎಲ್ಲ ಕೋರ್ಸಿಗೂ ಅನ್ವಯಿಸುವುದಿಲ್ಲ. ದಾವಣಗೆರೆಯ ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯಲ್ಲಿ ಕೋರ್ಸಿನ ಹೆಸರು ಹೇಳಿ ವಿಚಾರಿಸಿ, ಆಮೇಲೆ ಮೊದಲ ಕಂತು ಕಟ್ಟುವುದು ಲೇಸು.