ಸೂರ್ಯ ಅವರಿಗೆ, ತಂತಿ ನಮಗೆ

ಕಳೆದ ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಜಾಂಬೋಟಿಯಿಂದಾಚೆ, ಕಾಡಿನೊಳಗಿನ ಒಂದು ಹಳ್ಳಿಗೆ ಹೋಗಿದ್ದೆ. ನನ್ನ ಸಂಶೋಧನೆಗೆ ಅಲ್ಲಿಯ ಬೀಸುಕಲ್ಲಿನ ಪದಗಳು ಬೇಕಿದ್ದವು. ಕನ್ನಡ, ಮರಾಠಿ ಎರಡನ್ನೂ ಬೆರೆಸಿ ಹಾಡುವ ಅಜ್ಜಿಯೊಬ್ಬಳು ಸಿಕ್ಕಳು. ನಾಲ್ಕನೆಯ ಪದದ ನಡುವೆ ನನ್ನ ಮೊಬೈಲಿನ ಚಾರ್ಜ್ ಮುಗಿಯಿತು. ಗೋಡೆಯ ಮೇಲೆ ಸೌರದೀಪದ ಪೆಟ್ಟಿಗೆ ಕಂಡಿತು. ಅದರಲ್ಲಿ ಚಾರ್ಜಿಗೆ ಹಾಕಬಹುದೇ ಎಂದು ಕೇಳಿದೆ. ಅಜ್ಜಿ ನಕ್ಕಳು. ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತಂತೆ. ಪೆಟ್ಟಿಗೆಯ ತಲೆಯ ಮೇಲೆ ಅವಳ ಎಲೆಅಡಿಕೆಯ ಸಂಚಿ ಕೂತಿತ್ತು.

"ಇದು ಸುದ್ದ ಇದ್ದಾಗೂ ಅಷ್ಟ ತಮ್ಮಾ. ಮಳಿಗಾಲದಾಗ ಸೂರ್ಯನ ಮಾರಿನೇ ಕಾಣೂದಿಲ್ಲ, ಅವನ ದೀಪ ಹ್ಯಾಂಗ ಹತ್ತೀತು?"

ಅದೇ ವಾರ ಬೆಳಗಾವಿಯ ಕಾಲೇಜೊಂದರಲ್ಲಿ ನವೀಕರಿಸಬಹುದಾದ ಇಂಧನದ ಬಗ್ಗೆ ವಿಚಾರಸಂಕಿರಣವಿತ್ತು. ಮಟಮಟ ಮಧ್ಯಾಹ್ನ. ಪರದೆ ಎಳೆದು, ಎ.ಸಿ. ಹಾಕಿ, ಸಭಾಂಗಣದ ಅಷ್ಟೂ ದೀಪ ಹೊತ್ತಿಸಿಕೊಂಡು ಕೂತಿದ್ದೆವು. ಭಾಷಣಕಾರರು ತೋರಿಸಿದ ಚಿತ್ರದಲ್ಲಿ ಹಳ್ಳಿಯ ಹೆಣ್ಣುಮಗಳೊಬ್ಬಳು ಸೌರ ಲಾಟೀನು ಹಿಡಿದು ನಗುತ್ತಿದ್ದಳು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಹೊರಗೆ ಬಂದು ತಲೆ ಎತ್ತಿ ನೋಡಿದರೆ, ಆ ಕಟ್ಟಡದ ಮಾಳಿಗೆಯ ಮೇಲೆ ನೀರಿನ ಟಾಕಿಗಳು ಬಿಟ್ಟರೆ ಏನೂ ಇರಲಿಲ್ಲ.

ಈ ಎರಡು ದೃಶ್ಯಗಳನ್ನು ಜೋಡಿಸಿ ನೋಡಿದಾಗ 'ಪರ್ಯಾಯ' ಎಂಬ ಪದದ ಮೇಲೆಯೇ ನನಗೆ ಸಿಟ್ಟು ಬಂತು. ಪರ್ಯಾಯ ಎಂದರೆ ಒಂದು ಇದ್ದವರು ಅದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವುದು. ತಂತಿಯನ್ನೇ ಕಾಣದ ಊರಿಗೆ ಎರಡು ಬಲ್ಬು ಕೊಟ್ಟು ಅದನ್ನು ಪರ್ಯಾಯ ಎಂದು ಕರೆಯುವುದು ಭಾಷೆಗೆ ಮಾಡುವ ಮೋಸ. ನಿಜವಾಗಿ ಪರ್ಯಾಯ ಹುಡುಕಬೇಕಾದವರು ಸ್ವಿಚ್ಚಿನ ಆಚೆ ಏನಿದೆ ಎಂದು ಯೋಚಿಸದೆ ಕೂತಿರುವ ನಗರದವರು, ಅಂದರೆ ನಾವು.

ಈ ಮೋಸಕ್ಕೆ ಅಂಕಿಅಂಶಗಳ ಬೆಂಬಲವೂ ಇದೆ. ದೇಶದ ಎಲ್ಲ ಹಳ್ಳಿಗಳಿಗೂ ವಿದ್ಯುತ್ ತಲುಪಿತು ಎಂದು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಘೋಷಿಸಿತು. ಆ ಲೆಕ್ಕದಲ್ಲಿ ಒಂದು ಊರು 'ವಿದ್ಯುದೀಕೃತ' ಎನಿಸಿಕೊಳ್ಳಲು ಶಾಲೆ, ಪಂಚಾಯತಿಯಂಥ ಸಾರ್ವಜನಿಕ ಜಾಗಗಳ ಜೊತೆ ಶೇಕಡಾ 10ರಷ್ಟು ಮನೆಗಳಿಗೆ ಕರೆಂಟು ಬಂದರೆ ಸಾಕಿತ್ತು. ಉಳಿದ ಮನೆಗಳಿಗಾಗಿ 2017ರಲ್ಲಿ ಸೌಭಾಗ್ಯ ಯೋಜನೆ ಬಂತು. ತಂತಿ ಎಳೆಯಲಾಗದ ದುರ್ಗಮ ಜಾಗದ ಮನೆಗಳಿಗೆ 200ರಿಂದ 300 ವ್ಯಾಟ್‌ನ ಫಲಕ, ಐದು ಎಲ್‌ಇಡಿ ದೀಪ, ಒಂದು ಫ್ಯಾನು, ಒಂದು ಪ್ಲಗ್ಗು, ಐದು ವರ್ಷಗಳ ದುರಸ್ತಿ ಎಂದು ಅದರಲ್ಲಿ ಬರೆದಿತ್ತು. ಕಾಗದದ ಮೇಲೆ ಒಳ್ಳೆಯದೇ. ಆದರೆ ಬ್ಯಾಟರಿಯ ಆಯುಷ್ಯವೂ ಸಾಮಾನ್ಯವಾಗಿ ಅಷ್ಟೇ. ಆರನೆಯ ವರ್ಷ ಆ ಮನೆ ಮತ್ತೆ ಚಿಮಣಿಗೆ ಇಳಿದರೆ, ಸರ್ಕಾರದ ಪಟ್ಟಿಯಿಂದ ಅದರ ಹೆಸರು ಇಳಿಯುವುದಿಲ್ಲ. ಲೆಕ್ಕದಲ್ಲಿ ಬೆಳಕು, ಮನೆಯಲ್ಲಿ ಕತ್ತಲೆ.

ಇಲ್ಲಿರುವ ಮುಖ್ಯ ವ್ಯತ್ಯಾಸವನ್ನು ಗಮನಿಸಿ. ನಗರದಲ್ಲಿ ಕರೆಂಟು ಹೋದರೆ ನಾನು ಗ್ರಾಹಕ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಅರ್ಜಿ ಹಾಕಿದವನಿಗೆ ವಿದ್ಯುತ್ ಕೊಡುವುದು ವಿತರಣಾ ಕಂಪನಿಯ ಕರ್ತವ್ಯ. ಸೇವೆಯ ಗುಣಮಟ್ಟಕ್ಕೆ ನಿಯಮಗಳಿವೆ, ದೂರು ಕೊಡಲು ವೇದಿಕೆಗಳಿವೆ. ಅಜ್ಜಿಯ ಪೆಟ್ಟಿಗೆ ಕೆಟ್ಟರೆ ಅವಳು ಫಲಾನುಭವಿ. ಫಲಾನುಭವಿಗೆ ದೂರಿನ ನಂಬರು ಇರುವುದಿಲ್ಲ, ಉದ್ಘಾಟನೆಯ ಫೋಟೋ ಮಾತ್ರ ಇರುತ್ತದೆ. ನಾನು ವಿರೋಧಿಸುತ್ತಿರುವುದು ಸೂರ್ಯನನ್ನಲ್ಲ, ಹಕ್ಕನ್ನು ದಾನಕ್ಕೆ ಇಳಿಸುವ ಈ ವ್ಯವಹಾರವನ್ನು.

"ಅಲ್ಲಿ ಕಾಡು ಇದೆ, ವನ್ಯಜೀವಿಧಾಮ ಇದೆ, ತಂತಿ ಎಳೆಯಲು ಬರುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ನಿಜ, ಭೀಮಗಡ 2011ರಲ್ಲಿ ವನ್ಯಜೀವಿಧಾಮವಾಯಿತು, ಸುಮಾರು 190 ಚದರ ಕಿಲೋಮೀಟರ್. ಆ ಕಾಡು ಉಳಿಯಬೇಕು. ಮಹದಾಯಿ ಹುಟ್ಟುವುದು ಅಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿ ಅದರ ಪಕ್ಕದಲ್ಲಿ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮನ್ನು ಒಮ್ಮೆ ಓದಿ. ಗ್ರಾಮಸಭೆ ಶಿಫಾರಸು ಮಾಡಿದರೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75 ಮರಗಳ ಮಿತಿಯಲ್ಲಿ, ಶಾಲೆಗೆ, ರಸ್ತೆಗೆ, ವಿದ್ಯುತ್ ತಂತಿಗೆ ಬಳಸಬಹುದು. ಅದೇ ಪಟ್ಟಿಯಲ್ಲಿ 'ಅಸಾಂಪ್ರದಾಯಿಕ ಇಂಧನ ಮೂಲ' ಎಂದೂ ಇದೆ. ಅಂದರೆ ತಂತಿಯನ್ನೂ ಸೂರ್ಯನನ್ನೂ ಕಾನೂನು ಒಂದೇ ಸಾಲಿನಲ್ಲಿ ಕೂರಿಸಿದೆ. ಅಭಯಾರಣ್ಯದ ನಿಯಮಗಳ ತೊಡಕು ಬೇರೆ ಇರಬಹುದು. ಆ ತೊಡಕು ಬಿಡಿಸಲು ಯಾರು ಎಷ್ಟು ಓಡಾಡಿದರು ಎಂಬುದು ಪ್ರಶ್ನೆ.

ಏಕೆಂದರೆ ಓಡಾಡುವ ಮನಸ್ಸಿದ್ದಾಗ ಏನಾಗುತ್ತದೆ ಎಂಬುದನ್ನು ಇದೇ ಘಟ್ಟದಲ್ಲಿ ನೋಡುತ್ತಿದ್ದೇವೆ. ಧಾರವಾಡದ ಬಳಿಯ ನರೇಂದ್ರದಿಂದ ಗೋವಾದ ಶೆಲ್ಡೆಗೆ 400 ಕೆ.ವಿ. ಮಾರ್ಗ ಎಳೆಯುವ ಗೋವಾ-ತಮ್ನಾರ್ ಯೋಜನೆಗಾಗಿ ಪಶ್ಚಿಮ ಘಟ್ಟದ ಕಾಡು ಕಡಿಯುವ ಪ್ರಸ್ತಾಪ ವರ್ಷಗಳಿಂದ ಕಡತದಿಂದ ಕಡತಕ್ಕೆ, ಸಮಿತಿಯಿಂದ ಸಮಿತಿಗೆ ಓಡುತ್ತಿದೆ. ಪರಿಸರಪ್ರಿಯರು ಅದನ್ನು ವಿರೋಧಿಸುತ್ತಿರುವುದು ಸರಿಯೇ. ನಾನು ಹೇಳುವುದಿಷ್ಟು: ಕಾಡಿನ ನೆತ್ತಿಯ ಮೇಲೆ ಹಾದು ಬೇರೆಡೆಗೆ ಹೋಗುವ ಕರೆಂಟಿಗೆ ವಕೀಲರಿದ್ದಾರೆ, ಕಾಡಿನೊಳಗೆ ಉಳಿಯುವ ಕರೆಂಟಿಗೆ ಯಾರೂ ಇಲ್ಲ. ಈಗ ಭೀಮಗಡದ ಹಳ್ಳಿಗರಿಗೆ ಪುನರ್ವಸತಿಯ ಹಣ ಪಡೆದು ಹೊರಗೆ ಬನ್ನಿ ಎನ್ನಲಾಗುತ್ತಿದೆ. ತಳೇವಾಡಿಯ ಕುಟುಂಬಗಳು ಒಪ್ಪಿಕೊಂಡಿವೆ. ದಶಕಗಳ ಕಾಲ ರಸ್ತೆ, ದೀಪ, ದವಾಖಾನೆ ಕೊಡದೆ ಇಟ್ಟು, ಕೊನೆಗೆ "ಸ್ವಇಚ್ಛೆಯಿಂದ ಬಂದರು" ಎಂದು ಬರೆದುಕೊಳ್ಳುವುದನ್ನು ಇಚ್ಛೆ ಎನ್ನಬೇಕೋ ಬೇಸತ್ತ ಸೋಲು ಎನ್ನಬೇಕೋ ನೀವೇ ಹೇಳಿ.

ಇನ್ನು ನಗರದ ಕಡೆಗೆ ಬರೋಣ. ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾಯಿತು. ಮಾಳಿಗೆಯ ಮೇಲೆ ಮೂರು ಕಿಲೋವ್ಯಾಟ್ ಫಲಕ ಹಾಕಿದರೆ 78,000 ರೂಪಾಯಿ ಸಹಾಯಧನ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಜಾಗ ಸಾಕು. ನಮ್ಮ ಕಡೆಯ ಬಿಸಿಲಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಹುಟ್ಟುತ್ತದೆ. ಟಿಳಕವಾಡಿ, ಸದಾಶಿವ ನಗರ, ಹನುಮಾನ್ ನಗರಗಳ ಎಷ್ಟು ಮಾಳಿಗೆಗಳು ಹಪ್ಪಳ ಒಣಗಿಸಲೂ ಬಳಕೆಯಾಗದೆ ಸುಡುತ್ತಿವೆ!

ಹಾಗಾದರೆ ಏಕೆ ಹಾಕುವುದಿಲ್ಲ? ಅತ್ತ ಕೇಂದ್ರ ಫಲಕಕ್ಕೆ ಹಣ ಕೊಡುತ್ತದೆ, ಇತ್ತ ರಾಜ್ಯದ ಗೃಹಜ್ಯೋತಿ 2023ರಿಂದ 200 ಯೂನಿಟ್‌ವರೆಗೆ ಬಿಲ್ಲನ್ನೇ ಮಾಫಿ ಮಾಡಿದೆ. ಬಿಲ್ಲು ಸೊನ್ನೆ ಬರುವ ಮನೆಯ ಯಜಮಾನ ಕೈಯಿಂದ ಲಕ್ಷ ರೂಪಾಯಿ ಏಕೆ ಹಾಕುತ್ತಾನೆ? ಗೃಹಜ್ಯೋತಿ ಬೇಡ ಎನ್ನುವ ಸೊಕ್ಕು ನನಗಿಲ್ಲ. ಊರಲ್ಲಿ ನಮ್ಮ ಅವ್ವನ ಬಿಲ್ಲೂ ಸೊನ್ನೆಯೇ, ಆ ಉಳಿತಾಯದ ಬೆಲೆ ನನಗೆ ಗೊತ್ತು. ಆದರೆ ಎರಡಂತಸ್ತಿನ ಮನೆಗೂ ಬಡವರ ಒಂದೇ ಕೋಣೆಗೂ ಅದೇ ರಿಯಾಯಿತಿ ಕೊಟ್ಟು, ಆ ಹಣವನ್ನು ಪ್ರತಿ ತಿಂಗಳು ವಿತರಣಾ ಕಂಪನಿಗೆ ತುಂಬುವ ಬದಲು, ಅದರಲ್ಲೊಂದು ಪಾಲನ್ನು ಒಮ್ಮೆ ಫಲಕವಾಗಿಸಿ ಬಡವರ ಸೂರಿನ ಮೇಲೆ ಕೂರಿಸಬಾರದೇ? ಒಂದು ಕಿಲೋವ್ಯಾಟ್ ಫಲಕ ತಿಂಗಳಿಗೆ ನೂರಕ್ಕೂ ಹೆಚ್ಚು ಯೂನಿಟ್ ಕೊಡುತ್ತದೆ. ಸರ್ಕಾರ ಬದಲಾದರೆ ಮಾಫಿ ಹೋಗಬಹುದು, ಫಲಕ ಹೋಗುವುದಿಲ್ಲ. ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ ಕೊಟ್ಟಾಗ ಇದೇ ಕರ್ನಾಟಕದ ಜನ ಸೋಲಾರ್ ನೀರಿನ ಹೀಟರನ್ನು ಮಾಳಿಗೆಗೆ ಏರಿಸಿದ್ದರು. ದಾರಿ ತೋರಿದರೆ ನಡೆಯುವ ಜನ ನಾವು.

ಫಲಕಗಳಿಂದ ಉದ್ಯಮಬಾಗದ ಫೌಂಡ್ರಿಯ ಕುಲುಮೆ ಉರಿಯುತ್ತದೆಯೇ ಎಂದು ಗೆಳೆಯನೊಬ್ಬ ಕೇಳಿದ. ಮನೆಯ ಮಾಳಿಗೆಯಿಂದ ಉರಿಯುವುದಿಲ್ಲ. ಕಂಬ ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ನಮ್ಮ ಜಿಲ್ಲೆಗೆ ಇದು ಹೊಸ ಪಾಠವೇ? ಗೋಕಾಕ ಫಾಲ್ಸ್‌ನ ಹತ್ತಿ ಗಿರಣಿ 1880ರ ದಶಕದಲ್ಲೇ ಘಟಪ್ರಭೆಯ ನೀರಿನ ಬಲದಿಂದ ಓಡಿತು. ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ಕರೆಂಟು ಮಾಡಿ ಮಾರುತ್ತಿವೆ. ನೀರು, ಗಾಳಿ, ಸಿಪ್ಪೆ, ಬಿಸಿಲು ಎಲ್ಲವೂ ಇರುವ ಜಿಲ್ಲೆಯಲ್ಲಿ ಕೊರತೆ ಇರುವುದು ಹಂಚಿಕೆಯ ನ್ಯಾಯಕ್ಕೆ.

ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮೂರು ದಶಕಗಳ ಹಿಂದೆಯೇ ಕರ್ನಾಟಕದ ವಿದ್ಯುತ್ ಯೋಜನೆಯನ್ನು ತಲೆಕೆಳಗು ಮಾಡಿ ತೋರಿಸಿದ್ದರು. ಎಷ್ಟು ಮೆಗಾವ್ಯಾಟ್ ಬೇಕು ಎಂದು ಮೊದಲೇ ಕೇಳಬೇಡಿ, ಜನರಿಗೆ ಯಾವ ಕೆಲಸಕ್ಕೆ ಶಕ್ತಿ ಬೇಕು ಎಂದು ಕೇಳಿ ಎಂಬುದು ಅವರ ವಾದದ ತಿರುಳು. ಅವರು ಕಟ್ಟಿದ 'ಅಸ್ತ್ರ' ಕೇಂದ್ರದ ಗೆಳೆಯರು ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಸಗಣಿಯ ಅನಿಲದಿಂದ ಎಂಜಿನ್ ಓಡಿಸಿ, ಮನೆಮನೆಗೆ ದೀಪ ಮತ್ತು ನಲ್ಲಿ ನೀರು ಕೊಟ್ಟರು. ಆ ವ್ಯವಸ್ಥೆಯನ್ನು ನಡೆಸಿದ್ದು ಊರಿನವರೇ, ಕೆಟ್ಟರೆ ರಿಪೇರಿ ಮಾಡಲು ಊರಿನ ಹುಡುಗರೇ ಕಲಿತಿದ್ದರು. ಪುರದ ಪಾಠ ಇರುವುದು ಯಂತ್ರಕ್ಕಿಂತ ಹೆಚ್ಚಾಗಿ ಆ ಏರ್ಪಾಡಿನಲ್ಲಿ.

ಅಜ್ಜಿಯ ಪ್ರಶ್ನೆಗೆ ಉತ್ತರವೂ ಅಲ್ಲಿದೆ. ಸೂರ್ಯ ಮಾರಿ ತೋರಿಸದ ಮಳೆಗಾಲದಲ್ಲಿ ಖಾನಾಪುರದ ಪ್ರತಿ ಹಳ್ಳವೂ ತುಂಬಿ ಹರಿಯುತ್ತದೆ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿ ಝರಿಯ ನೀರಿಗೆ ಪೈಪು ಜೋಡಿಸಿ ಒಂದು ಕಿಲೋವ್ಯಾಟಿನ ಪುಟ್ಟ ಟರ್ಬೈನ್ ತಿರುಗಿಸುತ್ತಾರೆ, ಅಣೆಕಟ್ಟೂ ಬೇಡ. ಬೇಸಿಗೆಗೆ ಬಿಸಿಲು, ಮಳೆಗಾಲಕ್ಕೆ ಹಳ್ಳ. ಊರೊಂದಕ್ಕೆ ಇವೆರಡನ್ನೂ ಹೆಣೆದ ಸಣ್ಣ ಜಾಲ ಕಟ್ಟಿ, ಅದಕ್ಕೆ ನಗರದ ಮೀಟರಿಗಿರುವಷ್ಟೇ ಕಾನೂನಿನ ಹೊಣೆ ಹೊರಿಸಬೇಕು. ಗ್ರಾಮೀಣ ಪ್ರದೇಶದಲ್ಲಿ ಪರವಾನಗಿಯಿಲ್ಲದೆ ವಿದ್ಯುತ್ ತಯಾರಿಸಿ ಹಂಚಲು 2003ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ತಂತಿ ಬೇಕೋ ಜಾಲ ಬೇಕೋ ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಆಗ ಅದು ಪರ್ಯಾಯ, ಏಕೆಂದರೆ ಆಗ ಅಲ್ಲಿ ಆಯ್ಕೆ ಇರುತ್ತದೆ.

ಇದೆಲ್ಲ ಎಂಜಿನಿಯರುಗಳ ಕೆಲಸ, ಸಾಹಿತ್ಯದವರಿಗೇನು ಎನ್ನಬೇಡಿ. ತಾಂತ್ರಿಕ ವಿಶ್ವವಿದ್ಯಾಲಯವೂ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಇರುವ ಊರು ನಮ್ಮದು. ಒಂದು ಕಡೆಯವರು ಟರ್ಬೈನ್ ಮಾಡಲಿ, ಇನ್ನೊಂದು ಕಡೆಯವರಾದ ನಾವು 'ಫಲಾನುಭವಿ', 'ದುರ್ಗಮ', 'ವಿದ್ಯುದೀಕೃತ' ಎಂಬ ಪದಗಳ ಹೊಟ್ಟೆಯಲ್ಲಿ ಏನಿದೆ ಎಂದು ಕೇಳೋಣ. ಮೊದಲು ನಮ್ಮ ಹಾಸ್ಟೆಲ್ಲಿನ, ನಮ್ಮ ವಿಭಾಗದ ಮಾಳಿಗೆ ಹತ್ತಿ ನೋಡೋಣ.

ಅಜ್ಜಿಯ ನಾಲ್ಕನೆಯ ಪದ ನನ್ನ ಬಳಿ ಅರ್ಧವೇ ಇದೆ. ದೀಪಾವಳಿಯ ನಂತರ ಮತ್ತೆ ಹೋಗಬೇಕು. ಈ ಸಲ ಪವರ್‌ಬ್ಯಾಂಕ್ ಒಯ್ಯುತ್ತೇನೆ. ಅದನ್ನು ಬೆಳಗಾವಿಯಲ್ಲೇ ಚಾರ್ಜು ಮಾಡಿಕೊಂಡು ಹೋಗಬೇಕು ಎಂಬುದೇ ನನ್ನ ನಾಚಿಕೆ.