ಮನೆಯಲ್ಲಿ ಕೂರುವುದಕ್ಕೂ ಬಲ ಬೇಕು



ಜೀವ ದೊಡ್ಡದೋ, ಜೀವನ ದೊಡ್ಡದೋ? ನಮ್ಮ ಸಂಘದ ಯುವ ವಿಭಾಗದವರು ಈ ಸಲದ ಚರ್ಚಾಸ್ಪರ್ಧೆಗೆ ಈ ವಿಷಯವನ್ನು ಆರಿಸಿಕೊಂಡಿದ್ದಾರೆ. 2020ರ ಲಾಕ್‌ಡೌನನ್ನೇ ಉದಾಹರಣೆಯಾಗಿ ಹಿಡಿದು ಒಂದು ತಂಡ ಆರೋಗ್ಯದ ಪರವಾಗಿಯೂ ಇನ್ನೊಂದು ತಂಡ ದುಡಿಮೆಯ ಪರವಾಗಿಯೂ ಮಾತಾಡಬೇಕಂತೆ. ವಿಷಯ ಚೆನ್ನಾಗಿದೆ. ಆದರೆ ಪರ-ವಿರೋಧವೆಂದು ಎರಡು ಪಂಗಡ ಮಾಡುವ ಮೊದಲು ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು.

ಆಗ ನಿಮ್ಮಲ್ಲಿ ಹೆಚ್ಚಿನವರು ಶಾಲೆಯಲ್ಲೋ ಜೂನಿಯರ್ ಕಾಲೇಜಿನಲ್ಲೋ ಇದ್ದಿರಿ. ನಿಮಗೆ ನೆನಪಿರುವುದು ಮೊಬೈಲಿನಲ್ಲಿ ನಡೆದ ಪಾಠ, ಮುಂದೆ ಹೋದ ಪರೀಕ್ಷೆ, ಬಾಲ್ಕನಿಯಲ್ಲಿ ನಿಂತು ಬಡಿದ ತಟ್ಟೆ. ಮಕ್ಕಳು ಮಲಗಿದ ಮೇಲೆ ಅಪ್ಪ ಅಮ್ಮ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹಾಕುತ್ತಿದ್ದ ಲೆಕ್ಕ ನಿಮ್ಮ ಕಿವಿಗೆ ಬಿದ್ದಿರಲಾರದು. ನಾನಿಂದು ಹೇಳಹೊರಟಿರುವುದು ಆ ಲೆಕ್ಕದ ಮಾತನ್ನೇ.

ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. ಆ ರಾತ್ರಿಯಿಂದಲೇ ಮುಂಬಯಿಯ ಲೋಕಲ್ ಗಾಡಿಗಳು ನಿಂತವು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಪ್ರಧಾನಿಯವರು ಟಿ.ವಿ.ಯಲ್ಲಿ ಘೋಷಿಸಿದರು, ನಾಲ್ಕು ಗಂಟೆ ಕಳೆಯುವುದರೊಳಗೆ ಇಡೀ ದೇಶ ಬಂದ್. 21 ದಿನ ಎಂದದ್ದು ಬೆಳೆದು ಬೆಳೆದು ಮೇ 31ಕ್ಕೆ ಮುಟ್ಟಿತು. ಲೋಕಲ್ ಗಾಡಿಯಲ್ಲಿ ಹೆಂಗಸರಿಗೆ ಅವಕಾಶವಾದದ್ದು ಅಕ್ಟೋಬರ್ 21ರಂದು. ಉಳಿದ ಸಾಮಾನ್ಯ ಪ್ರಯಾಣಿಕರಿಗೆ 2021ರ ಫೆಬ್ರವರಿ 1ರಂದು, ಅದೂ ಗೊತ್ತುಪಡಿಸಿದ ಹೊತ್ತಿನಲ್ಲಿ ಮಾತ್ರ. ಗಾಡಿ ನಿಂತರೆ ಈ ಊರಿನಲ್ಲಿ ಎಷ್ಟು ಮನೆಗಳ ಒಲೆ ನಿಲ್ಲುತ್ತದೆಂದು ಇಲ್ಲೇ ಹುಟ್ಟಿ ಬೆಳೆದ ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು: ತಲೆ ಉಳಿದರೆ ಬೆಲ್ಲ ಬೇಡಿ ತಿನ್ನಬಹುದು. ಮೂರನೆಯ ವಾರಕ್ಕೆ, ಬೇಡಿದರೆ ಬೆಲ್ಲ ಕೊಡುವವರು ಯಾರು ಎಂಬ ಪ್ರಶ್ನೆ ಎದ್ದಿತು.

ನಮ್ಮ ಮನೆಯ ಸಂಗತಿಯನ್ನೇ ತೆಗೆದುಕೊಳ್ಳಿ. ಅತ್ತೆಯವರಿಗೆ ಆಗ 81 ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ಯಜಮಾನರ ಕಂಪೆನಿ ಏಪ್ರಿಲ್‌ನಿಂದ ಸಂಬಳದ ಮೂರನೆಯ ಒಂದು ಪಾಲನ್ನು ಕಡಿದಿತ್ತು. ಮನೆಸಾಲದ ಕಂತನ್ನು ಮುಂದೂಡಲು ರಿಜರ್ವ್ ಬ್ಯಾಂಕು ಅವಕಾಶ ಕೊಟ್ಟಿತ್ತು ನಿಜ, ಆದರೆ ಮುಂದೂಡಿದ ಕಂತಿಗೂ ಬಡ್ಡಿ ಓಡುತ್ತಲೇ ಇತ್ತು. ಆದರೂ ನಮಗೆ ಬಾಗಿಲು ಹಾಕಿಕೊಂಡು ಕೂರಲು ಬರುತ್ತಿತ್ತು. ಡಬ್ಬದಲ್ಲಿ ಅಕ್ಕಿಯಿತ್ತು, ಬ್ಯಾಂಕಿನಲ್ಲಿ ಅಷ್ಟಿಷ್ಟು ದುಡ್ಡಿತ್ತು.

ನಮ್ಮ ಮನೆಗೆಲಸದ ಬಾಯಿಯ ಮನೆಯಲ್ಲಿ ಇದೆರಡೂ ಇರಲಿಲ್ಲ. ಹತ್ತಡಿ ಉದ್ದ, ಹತ್ತಡಿ ಅಗಲದ ಖೋಲಿಯಲ್ಲಿ ಐದು ಜನ. ಗಂಡನ ರಿಕ್ಷಾ ನಿಂತಿತ್ತು. ಹೊರಗಿನವರನ್ನು ಒಳಗೆ ಬಿಡುವುದಿಲ್ಲವೆಂದು ಸೊಸೈಟಿಯವರು ಗೇಟಿನಲ್ಲಿ ಬೋರ್ಡು ತೂಗುಹಾಕಿದ್ದರು. ಏಪ್ರಿಲ್ ಕೊನೆಗೆ ಅವಳ ಫೋನು ಬಂತು. ಹೊರಗೆ ಓಡಾಡಬೇಡ, ರೋಗ ಜೋರಾಗಿದೆ ಎಂದೆ. ಅವಳು ಮರಾಠಿಯಲ್ಲಿ ಹೇಳಿದಳು, “ವಹಿನೀ, ಆ ರೋಗ ಬಂದರೂ ಬರಬಹುದು, ಬಾರದೆಯೂ ಇರಬಹುದು. ಹಸಿವು ಮಾತ್ರ ದಿನಕ್ಕೆರಡು ಸಲ ತಪ್ಪದೆ ಬರುತ್ತದೆ.”

ಅವಳು ರೋಗಕ್ಕೆ ಹೆದರದವಳಲ್ಲ, ತಿಳಿವಳಿಕೆ ಇಲ್ಲದವಳೂ ಅಲ್ಲ. ನಮ್ಮಷ್ಟೇ ಹೆದರಿಕೆ ಅವಳಿಗೂ ಇತ್ತು. ಅವಳಿಗೆ ಇರಲಿಲ್ಲದ್ದು ಮನೆಯಲ್ಲಿ ಕೂರುವ ಬಲ. ಊರಿನ ಮನೆಯ ಮಾಡು ರಿಪೇರಿಗೆಂದು ನಾವು ತೆಗೆದಿಟ್ಟಿದ್ದ ಹಣವಿತ್ತು. ಅದರಿಂದ ಅವಳಿಗೆ ಮೂರು ತಿಂಗಳ ಸಂಬಳ ಕೊಡುವುದೆಂದು ನಾನೂ ಯಜಮಾನರೂ ನಿಶ್ಚಯಿಸಿದೆವು. ಆ ಮಳೆಗಾಲ ಊರಿನ ಮನೆ ಸೋರಿತು. ಸೊಸೈಟಿಯಲ್ಲಿ ಕೆಲವರು ‘ಕೆಲಸವಿಲ್ಲದೆ ಸಂಬಳವೇಕೆ’ ಎಂದರು. ಅವರೆಲ್ಲ ಕಲ್ಲೆದೆಯವರೆಂದು ನಾನು ಹೇಳಲಾರೆ. ಅವರಲ್ಲಿ ಇಬ್ಬರ ಕೆಲಸವೇ ಹೋಗಿತ್ತು. ಒಬ್ಬರ ಬಲ ಕುಂದಿದರೆ ಅದು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ, ಕೊನೆಯ ಮೆಟ್ಟಿಲಿನಲ್ಲಿ ಇರುವವರಿಗೆ ಹಿಡಿದುಕೊಳ್ಳಲು ಏನೂ ಉಳಿದಿರುವುದಿಲ್ಲ.

ಇನ್ನು ನಮ್ಮವರ ಹೋಟೆಲ್ ಉದ್ಯಮದ ಮಾತು. ನನ್ನ ಅಣ್ಣನದು ಉಪನಗರದಲ್ಲಿ ಒಂದು ಸಣ್ಣ ಹೋಟೆಲು. ಕುಂದಾಪುರ, ಬೈಂದೂರು ಕಡೆಯ ಹನ್ನೊಂದು ಹುಡುಗರು ಅಲ್ಲೇ ಅಟ್ಟದಲ್ಲಿ ಮಲಗುವವರು. ಅವರ ರೇಷನ್ ಕಾರ್ಡು ಊರಿನಲ್ಲಿ, ಹೊಟ್ಟೆ ಮುಂಬಯಿಯಲ್ಲಿ. ನಾಲ್ವರು ಊರಿಗೆ ಹೊರಟರು. ಮೇ ತಿಂಗಳಲ್ಲಿ ಕರ್ನಾಟಕ ಸರಕಾರವೂ ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿರ್ಬಂಧಿಸಿತು. ಅಷ್ಟರೊಳಗೆ ತಲುಪಿದವರು ಕ್ವಾರಂಟೈನಿನಲ್ಲಿ ಕೂತರು. ‘ಮುಂಬಯಿಯಿಂದ ಬಂದವರು’ ಎಂದರೆ ಉಡುಗೊರೆಯ ಚೀಲ ನೋಡುತ್ತಿದ್ದ ಊರು ಆ ವರ್ಷ ಹತ್ತು ಮಾರು ದೂರ ನಿಂತು ಮಾತಾಡಿಸಿತು. ಅದಕ್ಕಾಗಿ ಊರನ್ನು ಬೈಯುವುದು ಬೇಡ, ಅಲ್ಲೂ ಮನೆಮನೆಯಲ್ಲಿ ಮುದುಕರಿದ್ದರು.

ಉಳಿದ ಏಳು ಜನರಿಗೆ ಅಣ್ಣ ಉಗ್ರಾಣದ ಅಕ್ಕಿ-ಬೇಳೆಯಲ್ಲೇ ಊಟ ಹಾಕಿದ. ಜೂನ್‌ನಲ್ಲಿ ಪಾರ್ಸೆಲ್ ಶುರುಮಾಡಿದ. ಗಲ್ಲಾ ಸ್ವಲ್ಪ ತುಂಬತೊಡಗಿತು ಎನ್ನುವಾಗ ಜುಲೈಯಲ್ಲಿ ಒಬ್ಬ ಹುಡುಗನಿಗೆ ಜ್ವರ ಬಂತು. ಎರಡು ದಿನ ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಣ್ಣ ಷಟರ್ ಎಳೆದ. ‘ನಮ್ಮಲ್ಲಿ ಒಬ್ಬರಿಗೆ ಜ್ವರ, 14 ದಿನ ಹೋಟೆಲ್ ಇಲ್ಲ’ ಎಂದು ಕಾಗದ ಅಂಟಿಸಿದ. ನಿನಗೇನು ಹುಚ್ಚೇ, ಇನ್ನು ಗಿರಾಕಿ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದವರೇ ಹೆಚ್ಚು. ಹದಿನೈದನೆಯ ದಿನ ತೆರೆದಾಗ ಹಳೆಯ ಗಿರಾಕಿಗಳು ಬಂದರು. ಮುಚ್ಚಿದವನು ತೆರೆದಿದ್ದಾನೆಂದರೆ ಈಗ ಭಯವಿಲ್ಲ ಎಂದು ಅವರ ಲೆಕ್ಕ. ಈ ನಂಬಿಕೆಗೆ ಅಣ್ಣ ತೆತ್ತ ಬೆಲೆ ಸಣ್ಣದಲ್ಲ. ಮಗಳ ಮದುವೆಗೆಂದು ಇಟ್ಟ ಠೇವಣಿಯ ಅರ್ಧ ಮುರಿದುಹೋಯಿತು. ಠೇವಣಿಯೇ ಇಲ್ಲದವರು ಷಟರ್ ಎಳೆಯುವುದು ಹೇಗೆ? ಪ್ರಾಮಾಣಿಕತೆಗೂ ಒಂದಿಷ್ಟು ಗಂಟು ಬೇಕಾಗುತ್ತದೆ.

ಚರ್ಚಾಪಟುಗಳು ಇಲ್ಲಿ ಒಂದು ವಿಷಯ ಗಮನಿಸಬೇಕು. ಅಂಗಡಿ ಮುಚ್ಚಿಸುವುದು ಸರಕಾರದ ಆಜ್ಞೆ ಮಾತ್ರವಲ್ಲ, ಜನರ ಭಯವೂ ಮುಚ್ಚಿಸುತ್ತದೆ. 2020ರಲ್ಲಿ ಡೆನ್ಮಾರ್ಕ್ ದೇಶ ಬಂದ್ ಮಾಡಿತು, ನೆರೆಯ ಸ್ವೀಡನ್ ಬಹುಪಾಲು ತೆರೆದೇ ಇಟ್ಟಿತು. ಬ್ಯಾಂಕ್ ಗ್ರಾಹಕರ ಖರ್ಚನ್ನು ಲೆಕ್ಕಹಾಕಿದ ಅರ್ಥಶಾಸ್ತ್ರಜ್ಞರಿಗೆ ಕಂಡದ್ದೇನು? ಡೆನ್ಮಾರ್ಕಿನಲ್ಲಿ ಖರ್ಚು ಸುಮಾರು ಶೇಕಡಾ 29ರಷ್ಟು ಇಳಿದಿತ್ತು, ತೆರೆದಿಟ್ಟ ಸ್ವೀಡನ್ನಿನಲ್ಲೂ 25ರಷ್ಟು ಇಳಿದಿತ್ತು. ನಮ್ಮ ಬಂದ್ ಅವರದಕ್ಕಿಂತ ಬಹಳ ಕಠಿಣವಾದದ್ದು; 2020ರ ಏಪ್ರಿಲ್-ಜೂನ್‌ನಲ್ಲಿ ದೇಶದ ಒಟ್ಟು ಉತ್ಪನ್ನ ಹಿಂದಿನ ವರ್ಷಕ್ಕಿಂತ ಹೆಚ್ಚುಕಡಿಮೆ ಕಾಲುಭಾಗ ಕುಸಿಯಿತು. ಅವರ ಲೆಕ್ಕ ನಮಗೆ ಹಾಗೆಯೇ ಹೊಂದದು. ಆದರೂ ರೋಗವನ್ನು ಹಾಗೇ ಬಿಟ್ಟು ವ್ಯಾಪಾರ ಮಾತ್ರ ನಡೆಸುತ್ತೇವೆಂಬುದು ಆಗದ ಮಾತು ಎಂಬುದಕ್ಕೆ ಅಷ್ಟು ಸಾಕು.

ಮುಂಬಯಿಗೆ ಈ ಪಾಠ ಹೊಸದೂ ಅಲ್ಲ. 1896ರಲ್ಲಿ ಇಲ್ಲಿ ಪ್ಲೇಗು ಕಾಣಿಸಿಕೊಂಡಾಗ ಯಾರೂ ಊರಿಗೆ ಬೀಗ ಹಾಕಿರಲಿಲ್ಲ. ಆದರೂ ಲಕ್ಷಾಂತರ ಜನ ಊರು ಬಿಟ್ಟರು, ಗಿರಣಿಗಳಿಗೆ ಆಳುಗಳೇ ಸಿಗದಂತಾಯಿತು. 2020ರಲ್ಲಿ ಸರಕಾರಗಳು ಬಳಸಿದ ಸಾಂಕ್ರಾಮಿಕ ರೋಗಗಳ ಕಾಯಿದೆ ಆ ಪ್ಲೇಗಿನ ಕಾಲದ್ದೇ, 1897ರದ್ದು. 1898ರಲ್ಲಿ ನಗರ ಸುಧಾರಣೆಗೆಂದು ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ನಮ್ಮವರು ಮನೆ-ಹೋಟೆಲು ಮಾಡಿಕೊಂಡ ದಾದರ್, ಮಾಟುಂಗಾದ ಅಗಲ ರಸ್ತೆಗಳ ಬಡಾವಣೆ ಆ ಟ್ರಸ್ಟಿನ ಯೋಜನೆಯಿಂದಲೇ ಬಂದದ್ದು. ಆರೋಗ್ಯಕ್ಕೆಂದು ಅಂದು ಹಾಕಿದ ರಸ್ತೆಯ ಮೇಲೆ ಮುಂದೆ ನಮ್ಮವರ ವ್ಯಾಪಾರ ಬೆಳೆಯಿತು.

ಹಾಗೆಂದು ಎಲ್ಲವನ್ನೂ ಮುಚ್ಚಿದರೆ ಆರೋಗ್ಯ ಉಳಿಯಿತು ಎಂದೂ ತಿಳಿಯಬೇಡಿ. 2019ರಲ್ಲಿ ನಮ್ಮ ದೇಶದಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ದಾಖಲಾದವರು ಸುಮಾರು 18 ಲಕ್ಷ. ರೋಗ ಕಡಿಮೆಯಾಯಿತೆಂದು ಸಂತೋಷಪಡುವ ಹಾಗಿಲ್ಲ, ಆಸ್ಪತ್ರೆಗೆ ಬಂದು ಪರೀಕ್ಷೆ ಮಾಡಿಸಿಕೊಳ್ಳುವವರು ಕಡಿಮೆಯಾದರು. ಗಾಡಿಯಿಲ್ಲದೆ ಮದ್ದು ತಪ್ಪಿದವರು, ಕೂಲಿಯಿಲ್ಲದೆ ಹಾಲು ನಿಲ್ಲಿಸಿದವರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಹಸಿವೂ ಒಂದು ಕಾಯಿಲೆಯೇ.

ಎರಡನ್ನೂ ಕೂಡಿಸಿ ನಡೆಸಿದ ಒಂದು ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಧಾರಾವಿಯಲ್ಲಿ ಮೊದಲ ರೋಗಿ ಪತ್ತೆಯಾದದ್ದು 2020ರ ಏಪ್ರಿಲ್ 1ರಂದು. ಎರಡೂವರೆ ಚದರ ಕಿಲೋಮೀಟರಿನೊಳಗೆ ಎಂಟು-ಹತ್ತು ಲಕ್ಷ ಜನ, ನೂರಾರು ಜನರಿಗೆ ಸೇರಿ ಒಂದೇ ಶೌಚಾಲಯ. ಅಂಥಲ್ಲಿ ‘ದೂರ ಇರಿ’ ಎಂದರೆ ಎಲ್ಲಿಗೆ ಹೋಗುವುದು? ಪಾಲಿಕೆಯವರು ಜ್ವರ ತಪಾಸಣೆಯ ಶಿಬಿರ ಹಾಕಿ, ಸಾರ್ವಜನಿಕ ಶೌಚಾಲಯಗಳನ್ನು ಮತ್ತೆ ಮತ್ತೆ ತೊಳೆಸಿ, ಸೋಂಕಿನ ಶಂಕೆ ಇದ್ದವರನ್ನು ಶಾಲೆ, ಸಭಾಗೃಹಗಳಲ್ಲಿ ಇರಿಸಿ ಊಟ ಕೊಟ್ಟರು. ಸ್ಥಳೀಯ ಡಾಕ್ಟರರೂ ಸಂಘ-ಸಂಸ್ಥೆಗಳೂ ಕೈಗೂಡಿಸಿದವು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರೇ ಧಾರಾವಿಯ ಹೆಸರೆತ್ತಿ ಹೇಳಿದರು. ನನಗೆ ಅದರಲ್ಲಿ ಕಾಣುವ ಗುಟ್ಟು ಇಷ್ಟೇ: ಮನೆಯಲ್ಲಿರು ಎಂದು ಹೇಳುವವರು ಅನ್ನವನ್ನೂ ಕಳಿಸಬೇಕು.

ಆದ್ದರಿಂದ ಯುವಮಿತ್ರರೇ, ಜೀವ ಮತ್ತು ಜೀವನ ಒಂದು ತಕ್ಕಡಿಯ ಎರಡು ತಟ್ಟೆಗಳಲ್ಲ. ಕೂಡಿಟ್ಟ ಬಲವಿದ್ದವರು ಎರಡನ್ನೂ ಉಳಿಸಿಕೊಂಡರು, ಅದಿಲ್ಲದವರು ಎರಡರಲ್ಲಿ ಒಂದನ್ನು ಪಣಕ್ಕಿಡಬೇಕಾಯಿತು. ಬಾಯಾರಿದಾಗ ಬಾವಿ ತೋಡಲಾಗದು. ಬಾವಿ ತೋಡುವ ಕಾಲ ಈಗಿನದು, ಯಾವ ಬಂದೂ ಇಲ್ಲದ ಈ ಕಾಲ.

ಮೊದಲ ಕೆಲಸ ನಿಮ್ಮ ಮನೆಯದು. ಹೊಸದಾಗಿ ಸಂಬಳ ಎಣಿಸುತ್ತಿರುವವರು ಆರು ತಿಂಗಳ ಮನೆಖರ್ಚಿನಷ್ಟು ಹಣ ಕೂಡುವವರೆಗೆ ಹೊಸ ಮೊಬೈಲು, ಕಂತಿನ ಬೈಕು ಮುಂದೆ ಹಾಕಿ. ಅಪ್ಪ ಅಮ್ಮನ ಆರೋಗ್ಯವಿಮೆ ಎಷ್ಟರದು, ಕಾಗದ ಯಾವ ಕಪಾಟಿನಲ್ಲಿದೆ ಎಂದು ಈ ಭಾನುವಾರವೇ ಕೇಳಿ.

ಎರಡನೆಯದು ನಿಮ್ಮ ಮನೆಗೂ ಹೋಟೆಲಿಗೂ ದುಡಿಯುವವರದು. ಈಗ ‘ಒಂದು ದೇಶ, ಒಂದು ರೇಷನ್ ಕಾರ್ಡು’ ಎಲ್ಲ ರಾಜ್ಯಗಳಲ್ಲೂ ಜಾರಿಯಲ್ಲಿದೆ. ಬೈಂದೂರಿನ ಕಾರ್ಡಿನವನಿಗೆ ಮುಂಬಯಿಯಲ್ಲೂ ಧಾನ್ಯ ಸಿಗಬೇಕು, ಆಧಾರ್ ಜೋಡಣೆ ಸರಿಯಾಗಿದ್ದರೆ. ಅಸಂಘಟಿತ ಕಾರ್ಮಿಕರಿಗಾಗಿ 2021ರ ಆಗಸ್ಟ್ 26ರಂದು ಈ-ಶ್ರಮ್ ನೋಂದಣಿ ಶುರುವಾಗಿದೆ. 18ರಿಂದ 50 ವರ್ಷದವರು ವರ್ಷಕ್ಕೆ 436 ರೂಪಾಯಿ ಕಟ್ಟಿದರೆ ಬ್ಯಾಂಕಿನ ಮೂಲಕ 2 ಲಕ್ಷದ ಜೀವವಿಮೆಯಿದೆ. ಇವೆಲ್ಲ ನಿಮಗೆ ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ. ಅಟ್ಟದಲ್ಲಿ ಮಲಗುವ ಹುಡುಗನಿಗೂ ಪಾತ್ರೆ ತೊಳೆಯುವ ಬಾಯಿಗೂ ಅದು ಗೊಂದಲದ ಗೂಡು. ನಿಮಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ, ಇಂಗ್ಲಿಷಿನ ಫಾರ್ಮೂ ತುಂಬಲು ಬರುತ್ತದೆ. ಈ ಮೂರೂ ಒಬ್ಬರಲ್ಲೇ ಇರುವುದು ನಮ್ಮ ತಲೆಮಾರಿನಲ್ಲಿ ಅಪರೂಪವಾಗಿತ್ತು.

ಚರ್ಚಾಸ್ಪರ್ಧೆ ಅಗತ್ಯವಾಗಿ ನಡೆಯಲಿ, ಬಹುಮಾನವನ್ನೂ ಕೊಡೋಣ. ಅದೇ ದಿನ ಸಭಾಗೃಹದ ಬಾಗಿಲಲ್ಲಿ ಒಂದು ಮೇಜು ಹಾಕಿ, ನಾಲ್ವರು ಮೊಬೈಲು ಹಿಡಿದು ಕೂತು ಹೋಟೆಲ್ ಹುಡುಗರ, ಮನೆಗೆಲಸದವರ ಹೆಸರು ನೋಂದಾಯಿಸಿದರೆ ಹೇಗೆ? ಬರುವವರಿಗೆ ಚಹಾ-ಅವಲಕ್ಕಿಯ ಜವಾಬ್ದಾರಿ ಮಹಿಳಾ ವಿಭಾಗದ ಪರವಾಗಿ ನನಗಿರಲಿ.