ಹಳೆಯ ಗಣಕದ ನಾದ: ಕಟ್ಟುವವರೆಷ್ಟು ಮಂದಿ?

1980ರ ದಶಕದಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳನ್ನು ಹೊಕ್ಕ ಹಲವು ಚಿಕ್ಕ ಗಣಕಯಂತ್ರಗಳಲ್ಲಿ ನಾದವನ್ನು ಹುಟ್ಟಿಸುವುದಕ್ಕೆಂದೇ ಪ್ರತ್ಯೇಕವಾದ ಚಿಪ್ ಒಂದಿರುತ್ತಿತ್ತು. 1982ರ ಕಮೊಡೋರ್ 64ರಲ್ಲಿ ‘ಸಿಡ್’ ಎಂಬುದಿದ್ದರೆ, ಬಿ.ಬಿ.ಸಿ. ಮೈಕ್ರೋದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಸ್.ಎನ್. 76489 ಇದ್ದಿತು. ಇವುಗಳ ತಯಾರಿಕೆ ನಿಂತು ಬಹುಕಾಲವಾಯಿತು. ಆದರೂ ಯೂರೋಪಿನ ಹವ್ಯಾಸಿಗಳು ಸುಮ್ಮನಾಗಲಿಲ್ಲ. ಸಿಡ್ ಚಿಪ್ಪಿಗೆ ಬದಲಾಗಿ ಸ್ವಿನ್‌ಸಿಡ್, ಆರ್ಮ್‌ಸಿಡ್ ಮೊದಲಾದ ಹೊಸ ಸಾಧನಗಳನ್ನು ರಚಿಸಿಕೊಂಡಿದ್ದಾರೆ. ನಮ್ಮ ನಾಡಿನಲ್ಲಿಯೂ ಇಂತಹ ನಾದಫಲಕವನ್ನು ಹೊಸದಾಗಿ ಕಟ್ಟುವ ಆಸಕ್ತಿ ಉಂಟೆ? ಉಂಟೆಂದಾದರೆ ಅದನ್ನು ಅಳೆಯುವುದು ಹೇಗೆ?

ಮೊದಲು ಒಂದು ಭೇದವನ್ನು ಗಮನಿಸಬೇಕು. ಅಲ್ಲಿಯವರನ್ನು ಪ್ರೇರಿಸುವುದು ಬಹುಮಟ್ಟಿಗೆ ಬಾಲ್ಯದ ನೆನಪು. ನಮ್ಮಲ್ಲಿ ಆ ನೆನಪುಳ್ಳವರು ವಿರಳ. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ಬಿ.ಬಿ.ಸಿ. ಮೈಕ್ರೋ ಯಂತ್ರಗಳು ದೇಶದ ಕೆಲವು ಶಾಲೆಗಳಿಗೆ ಬಂದುವು, ನಿಜ. ಆದರೆ ಹುಲಿಕೆರೆ, ಹಳೇಬೀಡುಗಳ ಸುತ್ತಿನ ಹಳ್ಳಿಯ ಹುಡುಗನಿಗೆ ಆ ಯಂತ್ರದ ಆಟಗಳ ಧ್ವನಿ ಯಾವ ನೆನಪನ್ನು ತಂದೀತು? ಹಾಗಾದರೆ ನಮ್ಮವರನ್ನು ಸೆಳೆಯಬಲ್ಲ ವಿಷಯ ಬೇರೊಂದಿರಬೇಕು. ಅದು ಶ್ರುತಿ ಎಂಬುದು ನಮ್ಮ ಅಭಿಪ್ರಾಯ.

ಕಾರಣವನ್ನು ಲೆಕ್ಕದಿಂದಲೇ ತೋರಿಸಬಹುದು. 76489 ಚಿಪ್ಪಿಗೆ ಸೆಕೆಂಡಿಗೆ 40 ಲಕ್ಷ ಮಿಡಿತಗಳ ಗಡಿಯಾರವನ್ನು ಕೊಟ್ಟರೆ, ಅದು ಮೊದಲು ಅದನ್ನು 32ರಿಂದ ಭಾಗಿಸುತ್ತದೆ; ಉಳಿಯುವುದು 1,25,000. ಇದನ್ನು ನಾವು ಕೊಡುವ ಒಂದು ಪೂರ್ಣಾಂಕದಿಂದ ಮತ್ತೆ ಭಾಗಿಸಿದಾಗ ಬರುವುದೇ ಸ್ವರದ ಕಂಪನಸಂಖ್ಯೆ. ಷಡ್ಜಕ್ಕೆ 900ನ್ನು ಕೊಡೋಣ, ಸುಮಾರು 138.9 ಕಂಪನಗಳು ದೊರೆಯುತ್ತವೆ. ಇದು ಗಂಡುಕಂಠಕ್ಕೆ ಒಗ್ಗುವ ಶ್ರುತಿ. ಚತುಶ್ರುತಿ ರಿಷಭಕ್ಕೆ 800, ಅಂತರ ಗಾಂಧಾರಕ್ಕೆ 720, ಶುದ್ಧ ಮಧ್ಯಮಕ್ಕೆ 675, ಪಂಚಮಕ್ಕೆ 600, ಚತುಶ್ರುತಿ ಧೈವತಕ್ಕೆ 540, ಕಾಕಲಿ ನಿಷಾದಕ್ಕೆ 480, ತಾರಷಡ್ಜಕ್ಕೆ 450. ಶಂಕರಾಭರಣದ ಸ್ವರಗಳೆಲ್ಲವೂ ಶೇಷವಿಲ್ಲದೆ ಬಂದುವಲ್ಲವೆ? ಷಡ್ಜ ಪಂಚಮಗಳ ಪ್ರಮಾಣ ಸರಿಯಾಗಿ 2ಕ್ಕೆ 3. ಷಡ್ಜ ಗಾಂಧಾರಗಳದು 4ಕ್ಕೆ 5. ಪಿಯಾನೋವಿನ ಸಮಭಾಗದ ಮೇಳದಲ್ಲಿ ಇಂತಹ ಶುದ್ಧ ಪ್ರಮಾಣಗಳು ಸಿಕ್ಕುವುದಿಲ್ಲ. ಆಟಗಳಿಗೆಂದು ಹುಟ್ಟಿದ ಚಿಪ್ ನಮ್ಮ ಸಂಗೀತಕ್ಕೆ ಇಷ್ಟು ಹೊಂದುವುದು ಸ್ವಾರಸ್ಯದ ಸಂಗತಿ.

ಕೊರತೆಗಳೂ ಇವೆ. ಪೂರ್ಣಾಂಕಗಳ ನಡುವೆ ನಿಲ್ಲಲು ಎಡೆಯಿಲ್ಲ. ಹುಲಿಕೆರೆಯ ಹೊಯ್ಸಳರ ಕಲ್ಯಾಣಿಯಲ್ಲಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವಂತೆಯೇ ಇಲ್ಲಿಯೂ. 900ರ ಬಳಿ ಒಂದು ಮೆಟ್ಟಿಲು ಅರ್ಧಸ್ವರದ ಐವತ್ತನೆಯ ಒಂದು ಭಾಗದಷ್ಟು ಕಿರಿದು; ಸ್ಥಾಯಿ ಏರಿದಂತೆ ಮೆಟ್ಟಿಲೂ ದೊಡ್ಡದಾಗಿ ಗಮಕ ಒರಟಾಗುತ್ತದೆ. ಭಾಜಕವು 1023ನ್ನು ಮೀರಲಾರದು; ಆದುದರಿಂದ ಮಂದ್ರಷಡ್ಜ ಬೇಕಾದರೆ ಗಡಿಯಾರದ ವೇಗವನ್ನು ಅರ್ಧಕ್ಕೆ ಇಳಿಸಬೇಕು. ಅಲ್ಲದೆ ಈ ಚಿಪ್ಪಿನ ಚೌಕ ತರಂಗದಲ್ಲಿ ಬೆಸಸಂಖ್ಯೆಯ ಉಪಸ್ವರಗಳು ಮಾತ್ರ ಇರುತ್ತವೆ. ತಂಬೂರಿಯ ಕುದುರೆಯೂ ಅದರ ಮೇಲಿನ ನೂಲೂ ಕೂಡಿ ಎಷ್ಟು ಸಮೃದ್ಧವಾದ ಉಪಸ್ವರಗಳನ್ನು ಎಬ್ಬಿಸುತ್ತವೆ ಎಂಬುದನ್ನು ಸಿ.ವಿ. ರಾಮನ್ನರು 1921ರಲ್ಲಿಯೇ ವಿವರಿಸಿದ್ದರು. ಆ ನಾದವನ್ನು ಈ ಚಿಪ್ ಕೊಡಲಾರದು.

ಹಾಗಾದರೆ ಈ ಶ್ರಮವೇಕೆ, ಬೆಂಗಳೂರಿನ ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ ಅವರು 1979ರಲ್ಲಿಯೇ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಲಿಲ್ಲವೆ, ಈಗ ಕೈಯ ಫೋನೇ ಶ್ರುತಿ ಹಿಡಿಯುವುದಿಲ್ಲವೆ ಎಂದು ವಾಚಕರು ಕೇಳಬಹುದು. ಶ್ರುತಿ ಕೇಳುವುದಷ್ಟೇ ಗುರಿಯಾದರೆ ಈ ಆಕ್ಷೇಪ ಸರಿಯೆ. ಆದರೆ ಫೋನು ತನ್ನ ಒಳಗನ್ನು ತೋರಿಸದು. ಇಲ್ಲಿಯಾದರೋ ವಿದ್ಯಾರ್ಥಿ 600 ಎಂದು ಬರೆದ ಕೂಡಲೆ ಪಂಚಮ ಕೇಳುತ್ತದೆ. 601 ಎಂದರೆ ಷಡ್ಜದೊಡನೆ ಸೇರಿ ನಾದ ಅಲೆಯಾಡತೊಡಗುತ್ತದೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದಕ್ಕಿಂತ ಅಗ್ಗವಾದ ಸ್ವರಪ್ರಯೋಗ ತೋರದು.

ಇನ್ನು ಆಸಕ್ತಿಯನ್ನು ಅಳೆಯುವ ವಿಚಾರ. ಮುದ್ರಿತ ಮಂಡಲದ ಹಲಗೆಗಳನ್ನು ಮಾಡಿಸುವಾಗ ಮೊದಲ ಖರ್ಚೇ ಹೆಚ್ಚು. ಸಂಖ್ಯೆ ಬೆಳೆದಂತೆ ಒಂದೊಂದರ ಬೆಲೆ ಇಳಿಯುತ್ತದೆ. ಆದುದರಿಂದ ಎಣಿಕೆ ತಪ್ಪಿದರೆ ಹಣವೂ ಹಲಗೆಗಳೂ ಬೀರುವಿನಲ್ಲಿ ಕೊಳೆಯುತ್ತವೆ. ‘ಚೆನ್ನಾಗಿದೆ’ ಎನ್ನುವವರನ್ನು ಎಣಿಸಿ ಫಲವಿಲ್ಲ, ಮೆಚ್ಚಲು ಖರ್ಚಿಲ್ಲವಷ್ಟೆ. ಮೂರು ಪ್ರಶ್ನೆಗಳು ಸಾಕು: ಬೆಸುಗೆಯ ಕಡ್ಡಿ ನಿಮ್ಮ ಬಳಿ ಉಂಟೆ? ಅರ್ಧ ಬೆಲೆಯನ್ನು ಮುಂಗಡವಾಗಿ ಕೊಡುವಿರಾ? ಕಟ್ಟಿದ ಮೇಲೆ ಒಂದು ರಾಗದ ಸಂಖ್ಯೆಗಳನ್ನು ನೀವೇ ಬರೆದು ಇತರರಿಗೆ ಕೊಡುವಿರಾ? ಮೂರಕ್ಕೂ ಹೌದೆಂದವರೇ ನಿಜವಾದ ಹವ್ಯಾಸಿಗಳು.

ಈ ಎಣಿಕೆಗೆ ಮುನ್ನ ಹಲಗೆಯನ್ನು ಮಾಡಿಸುವುದು ಬೇಡ. 76489ಕ್ಕೆ ಹದಿನಾರೇ ಕಾಲುಗಳು, ಐದು ವೋಲ್ಟುಗಳ ವಿದ್ಯುತ್ತು ಸಾಕು. ತೂತುಹಲಗೆ, ಆರ್ಡುಯಿನೋ, ಚಿಕ್ಕದೊಂದು ಆಂಪ್ಲಿಫಯರ್ ಇದ್ದರೆ ಮೊದಲ ಮಾದರಿ ಸಿದ್ಧವಾಗುತ್ತದೆ. ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಒಮ್ಮೆ ಹೋಗಿಬಂದರೆ ಉಳಿದ ಸಾಮಾನು ದೊರೆಯುತ್ತದೆ. ಹಳೆಯ ಚಿಪ್‌ಗಳಾದರೋ ಇದ್ದಷ್ಟೇ. ಹೆಸರು ಬದಲಿಸಿ ಮಾರುವ ನಕಲಿಗಳೂ ಉಂಟು. ಆದುದರಿಂದ ಅದೇ ಭಾಗಾಕಾರವನ್ನು ಮಾಡುವ ಹೊಸ ಮೈಕ್ರೋಕಂಟ್ರೋಲರಿಗೂ ಫಲಕದಲ್ಲಿ ಎಡೆಯಿಡುವುದು ವಿವೇಕ.

ಒಂದು ತಾಲ್ಲೂಕಿನಲ್ಲಿ ಮೂರು ಪ್ರಶ್ನೆಗಳಿಗೂ ಹೌದೆನ್ನುವವರು ಹತ್ತು ಮಂದಿ ದೊರೆತರೆ ಕೆಲಸವನ್ನು ಆರಂಭಿಸಬಹುದು. ದೊರೆಯದಿದ್ದರೆ, ಒಂದೇ ಮಾದರಿಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿಟ್ಟು ಹುಡುಗರ ಕೈಗೆ ಕೊಡೋಣ. ಮುಂದಿನ ವರ್ಷದ ಹತ್ತು ಮಂದಿ ಅಲ್ಲಿಂದಲೇ ಬಂದಾರು.